ಜಲ್ಲಿಯ ಮೇಲೆ ಮಣ್ಣು ಸುರಿಯುವ ಮುನ್ನ

ಅಂಗಳದ ಕಾಂಕ್ರೀಟನ್ನು ಅಂಚಿನ ಒಂದು ಪಟ್ಟಿ ಬಿಟ್ಟು ಒಡೆಸಿ ತೆಗೆದಾಗಿದೆ, ಅಡಿಯ ಜಲ್ಲಿಯನ್ನು ನೀರು ಬಸಿಯಲೆಂದು ಹಾಗೆಯೇ ಬಿಟ್ಟು, ಮೇಲೆ ನಾಲ್ಕು ಇಂಚು ಮಣ್ಣು ಹರಡಿ, ಈ ವಾರವೇ ಹುಲ್ಲಿನ ಹಾಳೆ ಹಾಸುತ್ತೇನೆ ಎಂದು ಬರೆದಿದ್ದೀರಿ. ದಯವಿಟ್ಟು ತಡೆಯಿರಿ. ಇದೇ ಜಲ್ಲಿ, ಇದೇ ನಾಲ್ಕು ಇಂಚು, ಇದೇ ಅವಸರ ಒಮ್ಮೆ ನನ್ನದೂ ಆಗಿತ್ತು.

ಮೊದಲ ಮೂರು ತಿಂಗಳು ನನ್ನ ಲಾನ್ ನೋಡಿದವರೆಲ್ಲ ಹೊಗಳುವಂತಿತ್ತು. ಮಳೆ ಹಿಡಿದ ಮೇಲೆ ಕಾಲಿಟ್ಟಲ್ಲೆಲ್ಲ ನೀರು ಜಿನುಗತೊಡಗಿತು. ಮಳೆ ಹೋಗಿ ಬಿಸಿಲು ಏರಿದಾಗ ಅದೇ ಜಾಗ ಎರಡು ದಿನ ನೀರು ತಪ್ಪಿದರೆ ಸುಟ್ಟಂತಾಗುತ್ತಿತ್ತು. ನಾನು ನೀರು ಹೆಚ್ಚಿಸಿದೆ, ಆಮೇಲೆ ಯೂರಿಯಾ ಎರಚಿದೆ, ಎರಡೂ ವ್ಯರ್ಥವಾದವು. ಕೊನೆಗೆ ಒಂದು ಮೂಲೆಯನ್ನು ಅಗೆದು ನೋಡಿದರೆ ಬೇರುಗಳು ಜಲ್ಲಿಯವರೆಗೆ ಇಳಿದು, ಅಲ್ಲಿಂದ ಅಡ್ಡಕ್ಕೆ ತಿರುಗಿ, ಚಾಪೆಯಂತೆ ಹೆಣೆದುಕೊಂಡಿದ್ದವು. ಜಲ್ಲಿ ನೀರನ್ನು ಬಸಿಯುತ್ತದೆ ಎಂಬುದು ಇಲ್ಲಿ ಅರ್ಧ ಸತ್ಯ ಮಾತ್ರ. ನುಣ್ಣನೆಯ ಮಣ್ಣಿನ ಸಣ್ಣ ರಂಧ್ರಗಳು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ, ಮೇಲಿನ ಪದರದ ತಳ ಪೂರ್ತಿ ತೊಯ್ದು ತುಂಬುವವರೆಗೆ ನೀರು ಒರಟು ಜಲ್ಲಿಗೆ ಇಳಿಯುವುದೇ ಇಲ್ಲ. ಇಳಿದರೂ ಅದರ ಕೆಳಗೆ ರೋಲರ್ ಹಾಯಿಸಿ ಗಟ್ಟಿಮಾಡಿದ ನೆಲವಿರುತ್ತದೆ.

ಎರಡನೆಯ ಸಲ ಜಲ್ಲಿಯನ್ನೆಲ್ಲ ಎತ್ತಿಸಿ, ಕೆಳಗಿನ ನೆಲದಲ್ಲಿ ಒಂದು ಅಡಿ ಆಳದ ಗುಂಡಿಗಳನ್ನು ಮೂರು ಕಡೆ ತೋಡಿ, ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ಇಳಿಯುವ ವೇಗವನ್ನು ಅಳೆದೆ. ಮೊದಲ ಸಲ ಒಣಮಣ್ಣು ನೀರನ್ನು ಹೀರುವುದರಿಂದ ಎರಡನೆಯ ಅಳತೆಯನ್ನೇ ನಂಬಬೇಕು. ಗಂಟೆಗೆ ಒಂದೆರಡು ಇಂಚು ಇಳಿದರೆ ಚಿಂತೆಯಿಲ್ಲ. ಅರ್ಧ ಇಂಚೂ ಇಳಿಯದಿದ್ದರೆ ಹಾರೆ ಅಥವಾ ಪಿಕಾಸಿಯಿಂದ ಎಂಟು–ಹತ್ತು ಇಂಚು ಆಳ ಸಡಿಲಿಸಿ, ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಬೇಕು. ಹಸಿ ಮಣ್ಣಿನಲ್ಲಿ ಈ ಕೆಲಸಕ್ಕೆ ಇಳಿಯಬೇಡಿ, ಹದಕ್ಕೆ ಬರುವವರೆಗೆ ಕಾಯಿರಿ, ಇಲ್ಲವಾದರೆ ಹೆಂಟೆಗಳೆದ್ದು ಇಟ್ಟಿಗೆಯಂತಾಗುತ್ತವೆ. ಜಿಗುಟು ಮಣ್ಣಿಗೆ ಮರಳು ಬೆರೆಸಿ ಎಂದು ಇದೇ ಚರ್ಚೆಯಲ್ಲಿ ಮೇಲೆ ಒಬ್ಬರು ಸಲಹೆ ಕೊಟ್ಟಿದ್ದಾರೆ. ಕೈತುಂಬ ಮರಳು ಹಾಕಿ ಮಣ್ಣನ್ನು ಮತ್ತಷ್ಟು ಗಟ್ಟಿಮಾಡಿಕೊಂಡವರನ್ನು ಕಂಡೂ ಇದನ್ನೇ ಹೇಳುವುದು ಸರಿಯಲ್ಲ.

ಆದರೆ ಗೋಡೆಯ ಬುಡದಲ್ಲಿ ಆಳ ಅಗೆಯಬಾರದು, ಪೈಪು ಮತ್ತು ಕೇಬಲ್ ಎಲ್ಲಿವೆಯೆಂದು ತಿಳಿಯದೆ ಪಿಕಾಸಿ ಎತ್ತಲೂಬಾರದು. ಹುಲ್ಲಿನ ಮಟ್ಟ ಗೋಡೆಯ ತೇವ ತಡೆಯುವ ಪದರಕ್ಕಿಂತ ಆರು ಇಂಚು ಕೆಳಗಿರಲಿ. ನೂರು ಅಡಿಗೆ ಒಂದೆರಡು ಅಡಿಯಷ್ಟು ಇಳಿಜಾರು ಮನೆಯಿಂದ ಆಚೆಗೆ ಇರಲಿ. ಮೇಲ್ಮಣ್ಣು ಕುಸಿದ ಮೇಲೂ ಆರು ಇಂಚು ಉಳಿಯುವಷ್ಟು ಹಾಕಿ.

ಕಾಂಕ್ರೀಟಿನ ಚೂರು ಮತ್ತು ಪುಡಿಯನ್ನು ಆರಿಸುವ ಕೆಲಸವನ್ನು ನೀವು ಹೇಳಿಯೇ ಇಲ್ಲ. ಅದರಲ್ಲಿನ ಸುಣ್ಣದ ಅಂಶ ಮಣ್ಣಿನ ರಸಸಾರವನ್ನು (pH, ಅಂದರೆ ಆಮ್ಲ–ಕ್ಷಾರದ ಅಳತೆ) ಏರಿಸುತ್ತದೆ, ಕಬ್ಬಿಣಾಂಶ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ, ಎಳೆಯ ಎಲೆಗಳು ನರಗಳ ನಡುವೆ ಹಳದಿಯಾಗುತ್ತವೆ. ಹುಲ್ಲಿಗೆ 6ರಿಂದ 7ರೊಳಗಿನ ರಸಸಾರ ಹಿತವಾದದ್ದು. ಅದು 8ನ್ನು ದಾಟಿದ್ದರೆ ಗಂಧಕದ ಪುಡಿ ನಿಧಾನವಾಗಿ, ತಿಂಗಳುಗಟ್ಟಲೆ ಕೆಲಸ ಮಾಡಿ ಅದನ್ನು ಇಳಿಸುತ್ತದೆ. ಜಿಪ್ಸಂ ರಸಸಾರವನ್ನು ಇಳಿಸುತ್ತದೆ ಎಂಬ ಚೀಲ ಮಾರುವವರ ಮಾತನ್ನು ನಂಬಬೇಡಿ. ಸುಣ್ಣದಿಂದ ಏರಿದ ರಸಸಾರವನ್ನು ಅದು ಇಳಿಸುವುದಿಲ್ಲ.

ಅಂಚಿನಲ್ಲಿ ಉಳಿದಿರುವ ಕಾಂಕ್ರೀಟ್ ಪಟ್ಟಿಯನ್ನು ಒಡೆಯುವ ಮೊದಲು ಗೋಡೆಯ ಪಕ್ಕ ಕಟ್ಟರ್‌ನಿಂದ ಗೆರೆ ಕೊಯ್ಯಿಸಿ, ಇಲ್ಲದಿದ್ದರೆ ಪೆಟ್ಟು ಗೋಡೆಗೂ ತಗಲುತ್ತದೆ. ಕಾಂಕ್ರೀಟು ಒಡೆಯುವ ಯಂತ್ರ (ಬ್ರೇಕರ್) ಬಾಷ್ ಕಂಪನಿಯದಾಗಲಿ ಮಕಿಟಾದ್ದಾಗಲಿ, ಉಳಿ ಮೊಂಡಾಗಿದ್ದರೆ ಎರಡೂ ಒಂದೇ. ನೀರು ಚಿಮುಕಿಸುತ್ತ ಒಡೆಯಿರಿ, ಮಾಸ್ಕ್ ಹಾಕಿಕೊಳ್ಳಿ. ಆ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಕೆಡಿಸುತ್ತದೆ. ನಾಲ್ಕು ಇಂಚು ದಪ್ಪದ ಕಾಂಕ್ರೀಟು ಒಂದು ಚದರ ಮೀಟರಿಗೆ ಸುಮಾರು 240 ಕಿಲೋ ತೂಗುವುದರಿಂದ ಸಾಗಿಸುವ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ.

ಹುಲ್ಲಿನ ಹಾಳೆಗಳು ಈಗಾಗಲೇ ಬಂದು ಬಿದ್ದಿದ್ದರೆ ಸುರುಳಿಯಾಗಿ ಬಿಡಬೇಡಿ, ಒಂದೇ ದಿನದಲ್ಲಿ ಒಳಗೊಳಗೇ ಬಿಸಿಯೇರಿ ಬೇಯುತ್ತವೆ. ನೆರಳಿನಲ್ಲಿ ಬಿಚ್ಚಿ ಹರಡಿ, ನೀರು ಚಿಮುಕಿಸುತ್ತಿರಿ. ಗುಂಡಿಯ ನೀರು ಎಷ್ಟು ಹೊತ್ತಿಗೆ ಇಳಿಯಿತೆಂದು ಇಲ್ಲಿ ತಿಳಿಸಿ, ಮೇಲ್ಮಣ್ಣು ಇನ್ನೆಷ್ಟು ತರಿಸಬೇಕೆಂದು ಆಮೇಲೆ ಲೆಕ್ಕ ಹಾಕೋಣ.