ಹಾಲು ಬಿಡಿಸಿದ್ದೇವೆ, ಮಾತು ಬಂದಿಲ್ಲ

ಪ್ರಶ್ನೆ: ಡಾಕ್ಟರಮ್ಮ, ನಮ್ಮ ಮಗನಿಗೆ ಮೂರು ವರ್ಷ ಎರಡು ತಿಂಗಳು. ಅಮ್ಮ, ಅಪ್ಪ, ಬಾ, ನೀರು, ಬೇಡ ಅಂತ ಎಲ್ಲ ಸೇರಿಸಿದರೆ 18 ಪದ ಆಡುತ್ತಾನೆ. ಎರಡು ಪದ ಜೋಡಿಸುವುದಿಲ್ಲ. ಏನಾದರೂ ಬೇಕಾದರೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ. ಒಂದು ಕಡೆ ಕೂರುವ ಪೈಕಿಯಲ್ಲ, ತುತ್ತು ಹಿಡಿದು ಮನೆಯೆಲ್ಲ ಹಿಂದೆ ಓಡಬೇಕು. ಮೊಬೈಲ್ ಹಾಕಿದರೆ ಮಾತ್ರ ಬಾಯಿ ತೆರೆಯುತ್ತಾನೆ. ಹಾಲು, ಗೋಧಿ, ಸಕ್ಕರೆ ನಿಲ್ಲಿಸಿದ ಮೇಲೆ ತಮ್ಮ ಪರಿಚಯದವರ ಮಗುವಿಗೆ ಮಾತು ಬಂತು ಎಂದು ನಾದಿನಿ ಹೇಳಿದರು. ಆರು ವಾರದಿಂದ ನಾವೂ ಮೂರನ್ನೂ ನಿಲ್ಲಿಸಿದ್ದೇವೆ. ಮೊದಲೆಲ್ಲ ದಿನಕ್ಕೆ ನಾಲ್ಕೈದು ಬಾಟಲಿ ಹಾಲು ಕುಡಿಯುತ್ತಿದ್ದ, ರಾತ್ರಿ ಮಲಗಿಕೊಂಡೇ ಒಂದು. ಈಗ ತೂಕ 800 ಗ್ರಾಂ ಇಳಿದಿದೆ. ಆದರೆ ಹೊಸದಾಗಿ ಎರಡು ಪದ ಬಂದಿವೆ. ಪಥ್ಯ ಮುಂದುವರಿಸಬೇಕೇ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪದಗಳ ಪಟ್ಟಿ ಇದೆ, ಬಾಟಲಿ ಲೆಕ್ಕ ಇದೆ, ತೂಕ ಗ್ರಾಮಿನವರೆಗೆ ಇದೆ. ಕಿವಿಯ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ.

ನಿಮ್ಮನ್ನು ದೂರುತ್ತಿಲ್ಲ, ಈ ತಪ್ಪನ್ನು ನಾನೇ ಮಾಡಿದ್ದೇನೆ. ಪ್ರಾಕ್ಟೀಸ್ ಶುರು ಮಾಡಿದ ಎರಡನೇ ವರ್ಷ ಒಬ್ಬ ತಾಯಿ ಮೂರು ವರ್ಷದ ಮಗಳನ್ನು ಕರೆತಂದರು. ಮಾತು ತಡ, ಹಟ ಜಾಸ್ತಿ. ‘ಹಾಲು ಬಿಡಿಸಿ ನೋಡಲಾ?’ ಎಂದು ಕೇಳಿದರು. ನೋಡಿ, ನಷ್ಟವೇನು ಎಂದುಬಿಟ್ಟೆ. ನಷ್ಟವಾದದ್ದು ಏಳು ತಿಂಗಳು. ಆಮೇಲೆ ಬೇರೆ ಯಾರೋ ಶ್ರವಣ ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿತಮಟೆಗಳ ಹಿಂದೆ ಅಂಟಂಟಾದ ದ್ರವ ನಿಂತಿತ್ತು. ಆ ಮಗುವಿಗೆ ನಮ್ಮ ಮಾತು ನೀರಿನೊಳಗಿಂದ ಕೇಳಿದ ಹಾಗೆ ಕೇಳುತ್ತಿತ್ತು. ಬಾಗಿಲು ಬಡಿದರೆ ತಿರುಗಿ ನೋಡುತ್ತಿದ್ದಳು, ಹಾಗಾಗಿ ಕಿವಿ ಸರಿಯಿದೆ ಎಂದು ಅಪ್ಪ ಅಮ್ಮನ ಜೊತೆ ನಾನೂ ನಂಬಿದ್ದೆ. ಬಾಗಿಲ ಸದ್ದು ಕೇಳುವುದು ಬೇರೆ, ‘ಸ’ಕಾರಕ್ಕೂ ‘ತ’ಕಾರಕ್ಕೂ ಇರುವ ವ್ಯತ್ಯಾಸ ಕೇಳುವುದು ಬೇರೆ. ಅಂದಿನಿಂದ ಮಾತು ತಡವಾದ ಯಾವ ಮಗು ಬಂದರೂ ಊಟದ ವಿಚಾರ ಎತ್ತುವ ಮೊದಲು ಆಡಿಯಾಲಜಿಸ್ಟ್‌ಗೆ ಚೀಟಿ ಬರೆಯುತ್ತೇನೆ. ಮಗು ಸಹಕರಿಸದಿದ್ದರೂ ಚಿಂತೆಯಿಲ್ಲ. ಓಎಇ, ಬೆರಾ ಎಂಬ ಶ್ರವಣ ಪರೀಕ್ಷೆಗಳನ್ನು ನಿದ್ದೆಯಲ್ಲೇ ಮಾಡಬಹುದು. ಹುಟ್ಟಿದಾಗ ಮಾಡಿದ ಪರೀಕ್ಷೆಯಲ್ಲಿ ಪಾಸಾಗಿದ್ದರೂ ಈಗ ಮತ್ತೆ ಮಾಡಿಸಬೇಕು, ಏಕೆಂದರೆ ಈ ದ್ರವ ಆಮೇಲೆ ಬರುವಂಥದ್ದು.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ರಾತ್ರಿಯ ಬಾಟಲಿ. ಮಲಗಿಕೊಂಡು ಬಾಟಲಿ ಕುಡಿಯುವ ಮಕ್ಕಳಲ್ಲಿ ಕಿವಿಯ ತೊಂದರೆ ಹೆಚ್ಚು. ಇನ್ನೊಂದು ಪ್ರಶ್ನೆ: ಬಾಯಿ ತೆರೆದುಕೊಂಡು ಮಲಗುತ್ತಾನೆಯೇ, ಗೊರಕೆ ಇದೆಯೇ? ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ಊದಿಕೊಂಡರೆ ಕಿವಿಗೆ ಗಾಳಿ ಹೋಗುವ ಕೊಳವೆಯ ಬಾಯಿ ಕಟ್ಟುತ್ತದೆ, ಕೇಳಿಸುವುದು ಮಸುಕಾಗುತ್ತದೆ. ಅದೇ ಗ್ರಂಥಿ ರಾತ್ರಿಯ ನಿದ್ದೆಯನ್ನೂ ಕೆಡಿಸುತ್ತದೆ. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ನಿದ್ದೆಗೆಟ್ಟ ಮಕ್ಕಳು ಕುಣಿಯುತ್ತಾರೆ. ಹೀಗೆ ಮಾತು ತಡವಾಗುವುದಕ್ಕೂ ಕುಣಿತಕ್ಕೂ ಒಂದೇ ಬೇರು ಇರುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಇನ್ನು ಪಥ್ಯ. ಹಾಲು ಮತ್ತು ಗೋಧಿಯ ಪ್ರೋಟೀನುಗಳು ಜೀರ್ಣವಾಗುವಾಗ ಅಫೀಮಿನಂಥ ತುಣುಕುಗಳಾಗಿ ಮಿದುಳನ್ನು ಮಂಕು ಮಾಡುತ್ತವೆ ಎಂಬ ವಾದದಿಂದ ಈ ಪಥ್ಯ ಹುಟ್ಟಿದ್ದು. ಕೇಳಲು ಚೆನ್ನಾಗಿದೆ. ಆದರೆ ಯಾವ ಮಗು ಏನು ತಿಂದಿದೆ ಎಂದು ಮನೆಯವರಿಗೂ ಪರೀಕ್ಷಕರಿಗೂ ಗೊತ್ತಾಗದಂತೆ ಮರೆಮಾಚಿ ನೋಡಿದ ಅಧ್ಯಯನಗಳಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ ಕೂಡ, ನೆಚ್ಚಿಕೊಳ್ಳುವಂಥ ಲಾಭ ಕಾಣಲಿಲ್ಲ. ನಷ್ಟಗಳಂತೂ ಇವೆ. ಹಾಲು ಬಿಡಿಸಿ ಬದಲಿಗೆ ಏನನ್ನೂ ಕೊಡದಿದ್ದರೆ ಕ್ಯಾಲ್ಸಿಯಂ ಕಡಿಮೆಯಾಗಿ ಮೂಳೆ ಸೊರಗುತ್ತದೆ. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯೇ ಇದ್ದರೆ, ಗೋಧಿ ತಿನ್ನುತ್ತಿರುವಾಗ ಮಾತ್ರ ಅದು ರಕ್ತ ಪರೀಕ್ಷೆಗೆ ಸಿಗುತ್ತದೆ. ಬಿಟ್ಟು ಕೂತವರಲ್ಲಿ ಪರೀಕ್ಷೆ ಸುಳ್ಳು ಹೇಳಬಹುದು. ಹೊಟ್ಟೆಯುಬ್ಬರ, ಹಳೆಯ ಭೇದಿ ಇರುವ ಮಗುವಾದರೆ ಇದು ಮುಖ್ಯ.

ಆ ಎರಡು ಹೊಸ ಪದ? ಮೂರು ವರ್ಷದ ಮಗು ಆರು ವಾರದಲ್ಲಿ ಎರಡು ಪದ ಕಲಿಯುವುದಕ್ಕೆ ಪಥ್ಯ ಬೇಕಿಲ್ಲ. ಅದು ಬೆಳೆದ ಆರು ವಾರ.

ಹಾಗಿದ್ದರೂ ನಿಮ್ಮ ನಾದಿನಿ ಸುಳ್ಳು ಹೇಳಿದ್ದಾರೆ ಎನ್ನಲಾರೆ. ಅವರು ಕಂಡದ್ದು ನಿಜವೇ ಇರಬಹುದು, ಕಾರಣ ಬೇರೆ ಇದ್ದೀತು. ನಾಲ್ಕೈದು ಬಾಟಲಿ ಎಂದರೆ ಲೀಟರಿನ ಆಸುಪಾಸು. ಒಂದು ಲೀಟರ್ ಹಾಲಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣಾಂಶವೂ ಇಲ್ಲ. ಈ ವಯಸ್ಸಿಗೆ ದಿನಕ್ಕೆ ಬೇಕಾದದ್ದು ಸುಮಾರು 7 ಮಿಲಿಗ್ರಾಂ. ಹಾಲಿನಲ್ಲೇ ಹೊಟ್ಟೆ ತುಂಬಿದ ಮಗು ಊಟ ಬೇಡ ಎನ್ನುತ್ತದೆ. ಹೀಗೆ ತಿಂಗಳುಗಟ್ಟಲೆ ನಡೆದರೆ ಕಬ್ಬಿಣದ ದಾಸ್ತಾನು ಖಾಲಿ. ಅಂಥ ಮಗು ಸಿಡಿಮಿಡಿ ಎನ್ನುತ್ತದೆ, ಗಮನ ನಿಲ್ಲುವುದಿಲ್ಲ, ನಿದ್ದೆಯಲ್ಲಿ ಕಾಲು ಒದೆಯುತ್ತದೆ, ಕೆಲವು ಮಕ್ಕಳು ಮಣ್ಣು, ಸುಣ್ಣ ನೆಕ್ಕುತ್ತವೆ. ಹಾಲು ಕಡಿಮೆಯಾಗಿ ಆ ಜಾಗಕ್ಕೆ ಊಟ ಬಂದರೆ ಮಗು ಗೆಲುವಾಗುವುದು ಸಹಜ, ಹೆಸರು ಪಥ್ಯಕ್ಕೆ ಹೋಗುತ್ತದೆ. ನಿಮ್ಮ ಮನೆಯಲ್ಲಿ ಹಾಲೇನೋ ಹೋಯಿತು, ಊಟ ಬರಲಿಲ್ಲ. ಅದಕ್ಕೇ 800 ಗ್ರಾಂ ಇಳಿದಿದೆ.

ಹಿಮೋಗ್ಲೋಬಿನ್ ಜೊತೆ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ಹೇಳುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ಈ ವಯಸ್ಸಿನಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. 11.4 ಇದ್ದರೂ ಫೆರಿಟಿನ್ ತಳ ಕಂಡಿರಬಹುದು. ಜ್ವರ, ನೆಗಡಿ ಇರುವ ವಾರ ಮಾಡಿಸಬೇಡಿ, ಆಗ ಫೆರಿಟಿನ್ ಏರಿಕೊಂಡು ಕೊರತೆಯನ್ನು ಮುಚ್ಚಿಬಿಡುತ್ತದೆ. ಫಲಿತಾಂಶ ನೋಡದೆ ಐರನ್ ಟಾನಿಕ್ ಶುರು ಮಾಡುವುದು ಬೇಡ. ಬಾಟಲಿ ಮಗುವಿನ ಕೈಗೆಟುಕುವಲ್ಲಿ ಇಡುವುದಂತೂ ಬೇಡವೇ ಬೇಡ. ಕಬ್ಬಿಣ ಅತಿಯಾದರೆ ಪ್ರಾಣಕ್ಕೇ ಅಪಾಯ.

ಈ ವಾರದಿಂದಲೇ ಗೋಧಿ ವಾಪಸ್ ಬರಲಿ. ಹಾಲೂ ಬರಲಿ, ಆದರೆ ಬಾಟಲಿಯಲ್ಲಿ ಅಲ್ಲ, ಲೋಟದಲ್ಲಿ, ಇಡೀ ದಿನಕ್ಕೆ 400 ಮಿಲಿಲೀಟರ್ ಸಾಕು, ಅದೂ ಊಟದ ನಂತರ. ಬೇಳೆ, ಕಾಳು, ಸೊಪ್ಪು, ತಿನ್ನುವ ಮನೆಯಾದರೆ ಮೊಟ್ಟೆ, ಮಾಂಸ. ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹತ್ತಲು ಹುಳಿ ಹಣ್ಣಿನ ಸಿ ಜೀವಸತ್ವ ನೆರವಾಗುತ್ತದೆ, ಊಟದ ಜೊತೆ ಕುಡಿದ ಚಹಾ ಅಡ್ಡಗಾಲು ಹಾಕುತ್ತದೆ. ಮೂರು ಸಲ ಉಗುಳಿದ ಎಂದು ಒಂದು ಪದಾರ್ಥವನ್ನು ಕೈಬಿಡಬೇಡಿ, ಹತ್ತು ಹದಿನೈದು ಸಲ ತಟ್ಟೆಯಲ್ಲಿ ಕಂಡ ಮೇಲೆ ಬಾಯಿಗಿಡುವ ಮಕ್ಕಳು ಎಷ್ಟೋ ಇದ್ದಾರೆ.

ಮೊಬೈಲ್ ವಿಷಯ ಬರೆಯುವಾಗ ನಿಮಗೆ ಸಂಕೋಚವಾಗಿದೆ ಎಂದು ಕಾಣುತ್ತದೆ, ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಬೈಯುವುದಿಲ್ಲ. ಒಂದು ಲೆಕ್ಕ ಮಾತ್ರ ಕೇಳಿ. ಮೂರು ಊಟ, ಎರಡು ತಿಂಡಿ, ತಲಾ ಹದಿನೈದು ನಿಮಿಷ. ದಿನಕ್ಕೆ ಒಂದು ಗಂಟೆಯ ಮೇಲೆ ಅವನೂ ನೀವೂ ಎದುರುಬದುರು. ಅಷ್ಟು ಹೊತ್ತು ಯಾವ ಸ್ಪೀಚ್ ಥೆರಪಿಸ್ಟೂ ಕೊಡಲಾರರು, ಆ ಇಡೀ ಗಂಟೆ ಈಗ ಪರದೆಯ ಪಾಲಾಗಿದೆ. ಕಾಲು ಜೋತಾಡದೆ ಊರುವಂಥ ಕಡೆ ಕೂರಿಸಿ, ನೇತಾಡುವ ಕಾಲಿನ ಮಗು ಕೂರುವುದಿಲ್ಲ. ತಟ್ಟೆಗೆ ಸ್ವಲ್ಪವೇ ಹಾಕಿ. ಮುಗಿದ ಮೇಲೆ ತುತ್ತು ಎತ್ತಿಕೊಂಡು ಸುಮ್ಮನೆ ಅವನ ಮುಖ ನೋಡಿ, ಮನಸ್ಸಿನಲ್ಲೇ ಹತ್ತು ಎಣಿಸಿ. ‘ಇನ್ನೂ’ ಎಂದೋ, ಕೊನೆಗೆ ‘ಊ’ ಎಂದೋ ಬರಲಿ. ಬರದಿದ್ದರೆ ನೀವೇ ‘ಇನ್ನೂ ಬೇಕು’ ಎಂದು ಹೇಳಿ ಕೊಟ್ಟುಬಿಡಿ, ಮಾತಿಗಾಗಿ ಹಸಿವಿನಲ್ಲಿ ಕಾಯಿಸಬಾರದು. ಮೊದಲ ನಾಲ್ಕೈದು ದಿನ ರಂಪ ಮಾಡುತ್ತಾನೆ, ಅಜ್ಜಿಗೂ ಮೊದಲೇ ಹೇಳಿಟ್ಟಿರಿ.

ಕೊನೆಗೆ, ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ ಎಂದಿದ್ದೀರಿ. ಬೆರಳು ತೋರಿಸುತ್ತಾನೆಯೇ? ತೋರಿಸಿ, ನೀವೂ ನೋಡಿದಿರಾ ಎಂದು ನಿಮ್ಮ ಮುಖದ ಕಡೆ ತಿರುಗುತ್ತಾನೆಯೇ? ಹೆಸರು ಕರೆದರೆ ನೋಡುತ್ತಾನೆಯೇ? ಮೂರರಲ್ಲಿ ಒಂದಕ್ಕಾದರೂ ‘ಇಲ್ಲ’ ಎಂದಾದರೆ ಮಕ್ಕಳ ಬೆಳವಣಿಗೆ ತಜ್ಞರ ಹತ್ತಿರ ಆಟಿಸಂ ಪರೀಕ್ಷೆ ಆಗಲೇಬೇಕು, ಕಿವಿ ಸರಿಯಿದ್ದರೂ. ಈ ವಯಸ್ಸಿಗೆ ಎರಡು ಪದ ಕೂಡಿಸದಿರುವುದು ‘ಗಂಡುಮಕ್ಕಳು ತಡವಾಗಿ ಮಾತಾಡುತ್ತಾರೆ’ ಎಂದು ಸುಮ್ಮನಿರುವಂಥದ್ದಲ್ಲ. ಸ್ಪೀಚ್ ಥೆರಪಿಗೆ ವರದಿಗಳಿಗಾಗಿ ಕಾಯದೆ ಹೆಸರು ಬರೆಸಿ. ಎಡಿಎಚ್‌ಡಿ (ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ) ಎಂಬ ಪದ ಯಾರಾದರೂ ಈಗಲೇ ಆಡಿದರೆ ಕಿವಿಗೆ ಹಾಕಿಕೊಳ್ಳಬೇಡಿ, ನಾಲ್ಕು ವರ್ಷಕ್ಕೆ ಮೊದಲು ಆ ಹಣೆಪಟ್ಟಿ ಹಚ್ಚುವುದು ಅಪರೂಪ.

ಪ್ರಶ್ನೆ: ನಾಲ್ಕೂವರೆ ವರ್ಷದ ಮೊಮ್ಮಗಳು ಮಿಠಾಯಿ ತಿಂದ ದಿನ ಮನೆ ತಲೆಕೆಳಗೆ. ಸಕ್ಕರೆಯ ಕಾಟ ಎನ್ನುತ್ತಾಳೆ ಸೊಸೆ, ಬಣ್ಣದ ಕಾಟ ಎನ್ನುತ್ತಾನೆ ಮಗ. ತೀರ್ಪು ನೀವೇ ಕೊಡಿ.
– ಒಬ್ಬ ತಾತ

ಉತ್ತರ: ಹಿರಿಯರೇ, ನಿಮ್ಮ ಮಗನಿಗೆ ಅರ್ಧ ಅಂಕ, ಸೊಸೆಗೆ ಸೊನ್ನೆ. ಅವರಿಗೆ ಇದನ್ನು ಓದಿ ಹೇಳುವ ಕೆಲಸ ನಿಮ್ಮದು, ನನ್ನ ಮೇಲೆ ಹಾಕಬೇಡಿ.

1994ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ನನಗೆ ಬಹಳ ಇಷ್ಟ. ಮಕ್ಕಳಿಗೆಲ್ಲ ಸಕ್ಕರೆಯಿಲ್ಲದ ಸಿಹಿ ಪಾನೀಯ ಕೊಟ್ಟು, ಅರ್ಧದಷ್ಟು ತಾಯಂದಿರಿಗೆ ‘ನಿಮ್ಮ ಮಗನಿಗೆ ಸಕ್ಕರೆ ಕೊಟ್ಟಿದ್ದೇವೆ’ ಎಂದರು. ಹಾಗೆ ನಂಬಿದ ತಾಯಂದಿರಿಗೆ ಮಗನ ತುಂಟತನ ಹೆಚ್ಚಾದಂತೆ ಕಂಡಿತು, ಅವರು ಅವನ ಮೇಲೆ ಹೆಚ್ಚು ನಿಗಾ ಇಟ್ಟರು, ಹೆಚ್ಚು ತಪ್ಪು ಹುಡುಕಿದರು. ಮಿಠಾಯಿ ಸಿಗುವುದು ಸಾಮಾನ್ಯವಾಗಿ ಜನ ಸೇರಿದ ದಿನ, ಮಲಗುವ ಹೊತ್ತು ತಪ್ಪಿದ ದಿನ. ಗದ್ದಲ ಅಲ್ಲಿಂದ ಬರುತ್ತದೆ. ಸಕ್ಕರೆ ಕಡಿಮೆ ಮಾಡಿ, ಹಲ್ಲಿನ ಸಲುವಾಗಿ.

ಬಣ್ಣದ ಕಥೆ ಬೇರೆ. ಅಮೆರಿಕದ ಅಲರ್ಜಿ ತಜ್ಞ ಬೆಂಜಮಿನ್ ಫೈನ್‌ಗೋಲ್ಡ್ 1970ರ ದಶಕದಲ್ಲಿ ಕೃತಕ ಬಣ್ಣ ಮಕ್ಕಳನ್ನು ಕುಣಿಸುತ್ತದೆ ಎಂದಾಗ ವೈದ್ಯರಲ್ಲಿ ಹೆಚ್ಚಿನವರು ನಂಬಲಿಲ್ಲ, ಅವರು ಹೇಳಿದಷ್ಟು ದೊಡ್ಡ ಪರಿಣಾಮ ಆಮೇಲೆ ಕಾಣಲೂ ಇಲ್ಲ. ಆದರೆ 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಸಾಮಾನ್ಯ ಮಕ್ಕಳಿಗೇ ಕೃತಕ ಬಣ್ಣಗಳು ಮತ್ತು ಆಹಾರ ಕೆಡದಂತೆ ಹಾಕುವ ಸೋಡಿಯಂ ಬೆಂಜೊಯೇಟ್ ಬೆರೆಸಿದ ಪಾನೀಯ ಕೊಟ್ಟು ನೋಡಿದಾಗ ಚಡಪಡಿಕೆ ಸ್ವಲ್ಪ ಹೆಚ್ಚಿತು. ಎಲ್ಲ ಮಕ್ಕಳಲ್ಲೂ ಒಂದೇ ತರಹ ಅಲ್ಲ. 2010ರಿಂದ ಯುರೋಪಿನ ಒಕ್ಕೂಟದಲ್ಲಿ ಅಲ್ಲಿ ಪರೀಕ್ಷಿಸಿದ ಆರು ಬಣ್ಣಗಳಿರುವ ಪೊಟ್ಟಣದ ಮೇಲೆ ಮಕ್ಕಳ ಗಮನದ ಬಗ್ಗೆ ಎಚ್ಚರಿಕೆ ಅಚ್ಚಾಗಬೇಕು. ಪೊಟ್ಟಣದ ಹಿಂದೆ 102, 104, 110, 122, 124, 129 ಎಂಬ ಸಂಖ್ಯೆಗಳನ್ನು ಹುಡುಕಿ. ಎರಡು ವಾರ ಅವನ್ನು ಪೂರ್ತಿ ನಿಲ್ಲಿಸಿ, ಆಮೇಲೆ ಒಂದು ದಿನ ಸೊಸೆಗೂ ಮಗನಿಗೂ ಹೇಳದೆ ನೀವೇ ಕೊಟ್ಟು, ಆ ಸಂಜೆ ಹೇಗಿತ್ತು ಎಂದು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ.

ಪ್ರಶ್ನೆ: ಮಾತು ಬೇಗ ಬರಲಿ ಎಂದು ಮೀನೆಣ್ಣೆ, ಮಲ್ಟಿವಿಟಮಿನ್, ‘ಬ್ರೈನ್ ಸಿರಪ್’ ಮೂರನ್ನೂ ಕೊಡುತ್ತಿದ್ದೇವೆ. ಪರವಾಗಿಲ್ಲವೇ?
– ಎರಡೂವರೆ ವರ್ಷದ ಮಗುವಿನ ಅಪ್ಪ

ಉತ್ತರ: ಮೀನೆಣ್ಣೆಯಲ್ಲಿರುವ ಒಮೇಗಾ-3 ಕೊಬ್ಬಿನಿಂದ ಗಮನ ಕೊಂಚ ಸುಧಾರಿಸಿದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ, ಅದೂ ಎಡಿಎಚ್‌ಡಿ ಇರುವ ದೊಡ್ಡ ಮಕ್ಕಳಲ್ಲಿ, ಅದೂ ಅಲ್ಪ. ಮಾತಿಗೆ ಅದನ್ನು ನಂಬಿ ಕೂರಬೇಡಿ. ನಿಮ್ಮದು ಕಾಡ್ ಮೀನಿನ ಯಕೃತ್ತಿನ ಎಣ್ಣೆಯಾದರೆ ಅದರಲ್ಲಿ ಎ ಜೀವಸತ್ವ ಇದೆ, ಮಲ್ಟಿವಿಟಮಿನ್‌ನಲ್ಲೂ ಇದೆ. ಎರಡು ಕಡೆಯಿಂದ ಸೇರಿ ಹೆಚ್ಚಾದರೆ ಅದು ಯಕೃತ್ತಿನಲ್ಲಿ ಕೂಡಿಕೊಳ್ಳುತ್ತದೆ. ಸಿರಪ್‌ನಲ್ಲಿ ಬಿ6 ಎಷ್ಟಿದೆ ಎಂದೂ ನೋಡಿ, ದೊಡ್ಡ ಪ್ರಮಾಣದಲ್ಲಿ ಬಹಳ ದಿನ ಕೊಟ್ಟರೆ ನರಗಳಿಗೆ ಕೆಡುಕು. ಮೂರೂ ಬಾಟಲಿಗಳ ಹಿಂದಿನ ಪಟ್ಟಿಯ ಫೋಟೊ ತೆಗೆದುಕೊಂಡು ನಿಮ್ಮ ಮಕ್ಕಳ ವೈದ್ಯರಿಗೆ ತೋರಿಸಿ. ಅಷ್ಟರಲ್ಲಿ ಮಗುವಿನ ಕಿವಿ ಪರೀಕ್ಷೆಯೂ ಆಗಿರಲಿ.