ತಾಂಜಾನಿಯಾಕ್ಕೆ ಹೋಗಲು ಯಾವ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಇಳಿಯಬೇಕು?

ನೀವು ಅಲ್ಲಿ ಏನು ನೋಡಬೇಕು ಅನ್ನೋದರ ಮೇಲೆ ಹೋಗುತ್ತದೆ. ಹೊರದೇಶದ ಪ್ರವಾಸಿಗರು ಹೆಚ್ಚಾಗಿ ಇಳಿಯುವುದು ಮೂರು ಕಡೆ: ದಾರ್ ಎಸ್ ಸಲಾಮ್, ಕಿಲಿಮಂಜಾರೊ, ಜಾಂಜಿಬಾರ್ ದ್ವೀಪ.

ಸೆರೆಂಗೆಟಿ, ನ್ಗೊರೊಂಗೊರೊ ಸಫಾರಿಗೋ ಕಿಲಿಮಂಜಾರೊ ಹತ್ತುವುದಕ್ಕೋ ಹೋಗುವುದಾದರೆ ಕಿಲಿಮಂಜಾರೊ ನಿಲ್ದಾಣವೇ ಸರಿ. 1971ರಲ್ಲಿ ಶುರುವಾದ ಇದು ಅರುಷಾ ಮತ್ತು ಮೋಶಿ ಊರುಗಳ ನಡುವೆ ಇದೆ. ಒಂದು ವಿಷಯ ಗಮನಿಸಿ. ಅರುಷಾ ಊರಿಗೆ ಅದರದೇ ಹೆಸರಿನ ಇನ್ನೊಂದು ಚಿಕ್ಕ ನಿಲ್ದಾಣವಿದೆ. ಸಫಾರಿಯ ಪುಟ್ಟ ವಿಮಾನಗಳು ಹೆಚ್ಚಾಗಿ ಹೊರಡುವುದು ಅಲ್ಲಿಂದ. ಎರಡರ ನಡುವೆ ರಸ್ತೆಯಲ್ಲಿ ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಟಿಕೆಟ್‌ನಲ್ಲಿ ಯಾವ ಹೆಸರಿದೆ ಎಂದು ಎರಡು ಸಲ ನೋಡಿಕೊಳ್ಳಿ.

ಸಮುದ್ರ ತೀರ, ಸ್ಟೋನ್ ಟೌನ್ ಎಂಬ ಹಳೇ ಊರು ಅಷ್ಟೇ ಸಾಕು ಅಂದರೆ ನೇರ ಜಾಂಜಿಬಾರ್‌ನಲ್ಲೇ ಇಳಿಯಿರಿ. ಅಲ್ಲಿನ ಅಬೀದ್ ಅಮಾನಿ ಕರುಮೆ ನಿಲ್ದಾಣ ಊರಿಗೆ ತೀರಾ ಹತ್ತಿರ. ಸುಮ್ನೆ ದಾರ್ ಎಸ್ ಸಲಾಮ್ ಸುತ್ತಿಕೊಂಡು ಬರಬೇಕಿಲ್ಲ. ಹಾಗೆ ಬಂದರೂ ಚಿಂತೆಯಿಲ್ಲ, ಫೆರ್ರಿಯಲ್ಲಿ ಸುಮಾರು ಎರಡು ಗಂಟೆ.

ಇನ್ನು ದಾರ್ ಎಸ್ ಸಲಾಮ್‌ನ ಜೂಲಿಯಸ್ ನೈರೇರೆ ನಿಲ್ದಾಣ ದೇಶದಲ್ಲೇ ದೊಡ್ಡದು. ದೇಶದ ಮೊದಲ ಅಧ್ಯಕ್ಷರ ಹೆಸರು ಅದಕ್ಕಿದೆ. 2019ರಲ್ಲಿ ಅದರ ಮೂರನೇ ಟರ್ಮಿನಲ್ ತೆರೆಯಿತು, ಹೊರದೇಶದ ವಿಮಾನಗಳು ಬರುವುದು ಅಲ್ಲಿಗೆ. ವ್ಯಾಪಾರ, ಕಚೇರಿ ಕೆಲಸಕ್ಕೆ ಹೋಗುವವರಿಗೆ ಇದು ಅನುಕೂಲ. ರಾಜಧಾನಿ ದೊಡೊಮಾ ಅಲ್ವಾ ಅಂತ ನೀವು ಕೇಳಬಹುದು. ಹೌದು, ಆದರೆ ದೊಡ್ಡ ಊರು, ಬಂದರು, ವಹಿವಾಟು ಎಲ್ಲ ಇಲ್ಲೇ.

ನನ್ನ ಸಲಹೆ ಕೇಳಿದರೆ, ಸಫಾರಿ ಮತ್ತು ಬೀಚ್ ಎರಡೂ ಬೇಕಿದ್ದವರು ಕಿಲಿಮಂಜಾರೊದಲ್ಲಿ ಇಳಿದು ಜಾಂಜಿಬಾರ್‌ನಿಂದ ವಾಪಸ್ ಹೊರಡುವಂತೆ ಟಿಕೆಟ್ ಮಾಡಿಸಿ. ಒಂದೇ ದಾರಿಯನ್ನು ಎರಡು ಸಲ ಸವೆಸುವುದು ತಪ್ಪುತ್ತದೆ.