ಅರವತ್ತು ಪ್ರಶ್ನೆ, ಎರಡು ದಿನ

ಪ್ರಶ್ನೆ: ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬಗ್ಗೆ ಎಂ.ಎ. ಕಿರುಪ್ರಬಂಧ ಬರೆಯುತ್ತಿದ್ದೇನೆ. 60 ಪ್ರಶ್ನೆಗಳ ಪಟ್ಟಿ ರೆಡಿ ಇದೆ. ಎರಡು ದಿನದಲ್ಲಿ ಮುಗಿಯುತ್ತದಾ? ಬೇರೆ ದೇಶದ ಆದಿವಾಸಿಗಳ ಜೊತೆ ಹೋಲಿಸಲೂ ಗೈಡ್ ಹೇಳಿದ್ದಾರೆ.
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಅರವತ್ತಾ! ನಾನು ಮೊದಲ ಸಲ ನಲವತ್ತು ಒಯ್ದಿದ್ದೆ. ಮೂರನೆಯದಕ್ಕೇ ಸಿಕ್ಕಿಬಿದ್ದೆ. ‘ತಿಂಗಳಿಗೆ ಎಷ್ಟು ಸಲ ಕಾಡಿಗೆ ಹೋಗುತ್ತೀರಿ?’ ಅಂತ ಕೇಳಿದೆ. ಪೋಡಿನ (ಸೋಲಿಗರ ಹಾಡಿಯ) ಅಜ್ಜಿ ನಕ್ಕುಬಿಟ್ಟರು. “ಹೋಗೋದೇನವ್ವಾ, ಇಲ್ಲೇ ಇದ್ದೀವಲ್ಲ!”

ಹಾಳೆ ಮಡಚಿಟ್ಟು ಅವರ ಜೊತೆ ನೆಲ್ಲಿಕಾಯಿ ಆರಿಸುತ್ತಾ ಕೂತೆ. ಆಗ ತರಗು ಬೆಂಕಿಯ ಮಾತು ಬಂತು. ಮೊದಲೆಲ್ಲ ಒಣಗಿದ ತರಗಿಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರಂತೆ. ಅದು ನಿಂತ ಮೇಲೆ ನೆಲ್ಲಿ ಮರಕ್ಕೆ ಬಂದಳಿಕೆ (ಮರದ ರಸ ಹೀರುವ ಗಿಡ), ನೆಲಕ್ಕೆ ಲಂಟಾನ ಕಳೆ ಜಾಸ್ತಿಯಾಯಿತು ಅಂದರು. ಸೋಲಿಗರ ಈ ಮಾತನ್ನು ಆಮೇಲೆ ವಿಜ್ಞಾನಿಗಳೂ ಕಿವಿಗೊಟ್ಟು ಕೇಳಿದರು. ನನ್ನ ನಲವತ್ತರಲ್ಲಿ ಬೆಂಕಿಯ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ ನೋಡಿ.

ಇನ್ನು ಹೋಲಿಕೆ. ಕುಣಿತ, ಉಡುಗೆ ಹೋಲಿಸಲು ಹೋಗಬೇಡಿ, ಅದು ಪ್ರವಾಸಿಗರ ಕೆಲಸ. ಸಂಶೋಧಕರು ಬಂದು ಹೋದ ಮೇಲೆ ಅಲ್ಲಿಯ ಜನ ಏನು ಮಾಡಿದರು ಅಂತ ನೋಡಿ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯಲ್ಲಿ ಹವಾಸುಪಾಯಿ ಜನ ಇದ್ದಾರೆ. ಸಕ್ಕರೆ ಕಾಯಿಲೆಗೆ ದಾರಿ ಸಿಗಲಿ ಅಂತ 1990ರ ದಶಕದಲ್ಲಿ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರಿಗೆ ರಕ್ತ ಕೊಟ್ಟರು. ಸಂಶೋಧಕರು ಅದೇ ರಕ್ತದಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಸುಳಿವು ಹುಡುಕಿದರು, ಪೂರ್ವಜರು ಏಷ್ಯಾದಿಂದ ಬಂದವರು ಅಂತಲೂ ಬರೆದರು. ಈ ಕಣಿವೆಯೇ ನಮ್ಮ ಹುಟ್ಟು ಅಂತ ನಂಬಿದವರಿಗೆ ಹೇಗಾಗಿರಬೇಡ! ಕೋರ್ಟಿಗೆ ಹೋದರು. 2010ರಲ್ಲಿ ರಾಜಿಯಾಯಿತು. ಯೂನಿವರ್ಸಿಟಿ 7 ಲಕ್ಷ ಡಾಲರ್ ಕೊಟ್ಟಿತು, ಉಳಿದ ರಕ್ತವನ್ನೂ ವಾಪಸ್ ಮಾಡಿತು. ದಕ್ಷಿಣ ಆಫ್ರಿಕಾದ ಸ್ಯಾನ್ ಜನ 2017ರಲ್ಲಿ ಸಂಶೋಧಕರಿಗೆ ತಮ್ಮದೇ ನಿಯಮ ಬರೆದರು. ಕಿಟಕಿಯಿಂದ ನುಗ್ಗಬೇಡಿ, ಬಾಗಿಲಿಂದ ಬನ್ನಿ ಅನ್ನುವುದು ಅವರ ಮಾತು.

ಆದರೆ ಮೂವರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಹವಾಸುಪಾಯಿಗಳಿಗೆ ತಮ್ಮದೇ ಆಡಳಿತ ಮಂಡಳಿ ಇದೆ, ಸಂಶೋಧಕರನ್ನು ಊರೊಳಗೆ ಬಿಡದಿರುವ ಅಧಿಕಾರವಿದೆ. ಸೋಲಿಗರ ಕೈಯಲ್ಲಿ ಇರುವುದು ಗ್ರಾಮಸಭೆ, 2011ರಲ್ಲಿ ಸಿಕ್ಕ ಸಮುದಾಯ ಅರಣ್ಯ ಹಕ್ಕು. ನಿಮ್ಮ ಪ್ರಬಂಧ ಇಲ್ಲಿಂದ ಶುರುವಾದರೆ ಚೆನ್ನ.

ಎರಡು ದಿನ ಸಾಲದಮ್ಮಾ. ಮೊದಲ ಸಲ ಪಟ್ಟಿ ಮನೆಯಲ್ಲೇ ಬಿಟ್ಟು ಹೋಗಿ. ಪೋಡಿನ ಯಜಮಾನರನ್ನು ಕಂಡು, ‘ನಿಮಗೆ ಏನು ತಿಳಿಯಬೇಕಿದೆ?’ ಅಂತ ಅವರನ್ನೇ ಕೇಳಿ. ಪ್ರಬಂಧ ಮುಗಿದ ಮೇಲೆ ಕನ್ನಡದಲ್ಲಿ ಒಂದು ಪ್ರತಿ ತಂದು ಓದಿ ಹೇಳುತ್ತೇನೆ ಅನ್ನಿ. ಬಸ್ ಚಾರ್ಜು ಈಗಲೇ ತೆಗೆದಿಡಿ.